ಬೆಂಗಳೂರಿಗಿಂತ ಮೊದಲು ಬಿಜಾಪುರ ಟಿ.ವಿ. ನೋಡಿತ್ತು

ಕರ್ನಾಟಕದಲ್ಲಿ ಊರಿಗೆ ಊರೇ ಕೂತು ಮೊದಲು ಟಿ.ವಿ. ನೋಡಿದ್ದು ಎಲ್ಲಿ? ಯಾರನ್ನೇ ಕೇಳಿ, ಬೆಂಗಳೂರು ಅಂತಾರೆ. ಬೆಂಗಳೂರು ಅಲ್ಲದಿದ್ದರೆ ಮೈಸೂರು ಇರಬೇಕು ಅಂತಾರೆ. ಅಲ್ಲ ಸ್ವಾಮಿ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ರೈತರು ಕಂಬಳಿ ಹೊದ್ದುಕೊಂಡು, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಟಿ.ವಿ. ನೋಡಿದ್ದರು. ಅದೂ ಕನ್ನಡದಲ್ಲಿ. ಅದೂ ಉಪಗ್ರಹದಿಂದ ನೇರವಾಗಿ!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲ್ಲೂಕುಗಳ ಹೆಸರು ಇವತ್ತು ಸುದ್ದಿವಾಹಿನಿಯಲ್ಲಿ ಬರೋದು ಯಾವಾಗ? ಭೀಮಾ ನದಿಗೆ ನೆರೆ ಬಂದಾಗ. ಮಳೆ ಕೈಕೊಟ್ಟಾಗ. ಚುನಾವಣೆ ಬಂದಾಗ. ಟಿ.ವಿ. ಚರಿತ್ರೆ ಬರೆಯುವವರು ಈ ಊರುಗಳ ಹೆಸರು ಎತ್ತೋದೇ ಇಲ್ಲ. ಹಾಗಾಗಿ ಇವತ್ತು ನಾನು ಆ ಕಥೆ ಹೇಳ್ತೀನಿ. ಇದು ನನ್ನ ಜಿಲ್ಲೆಯ ಕಥೆ. ಬಾಗೇವಾಡಿ ಕಡೆಯ ಹಳ್ಳಿ ನನ್ನದು, ಅವ್ವನ ತವರು ಸಿಂದಗಿ ಕಡೆ.

1969ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಅಮೆರಿಕದ ನಾಸಾ ನಡುವೆ ಒಂದು ಒಪ್ಪಂದ ಆಯ್ತು. ಅದರ ಹಿಂದೆ ಇದ್ದವರು ವಿಕ್ರಂ ಸಾರಾಭಾಯಿ. ಅವರ ಲೆಕ್ಕಾಚಾರವೇ ಬೇರೆ ಇತ್ತು. ಟಿ.ವಿ. ಅಂದ್ರೆ ಮೊದಲು ದೊಡ್ಡ ಪಟ್ಟಣಕ್ಕೆ ಬರಬೇಕು, ಆಮೇಲೆ ಸಣ್ಣ ಪಟ್ಟಣ, ಉಳಿದರೆ ಹಳ್ಳಿ. ಜಗತ್ತಿನ ರೂಢಿ ಇದು. ಸಾರಾಭಾಯಿ ಇದನ್ನು ತಲೆಕೆಳಗು ಮಾಡಿದರು. ಯಾವ ಹಳ್ಳಿಗೆ ರಸ್ತೆ ಸರಿಯಿಲ್ಲವೋ, ಯಾವ ಹಳ್ಳಿಗೆ ಡಾಕ್ಟರು ಬರೋದಿಲ್ಲವೋ, ಮೊದಲು ಅಲ್ಲಿಗೇ ಟಿ.ವಿ. ಹೋಗಲಿ ಅಂದರು. ಅದನ್ನು ಕಣ್ಣಾರೆ ನೋಡುವ ಯೋಗ ಅವರಿಗಿರಲಿಲ್ಲ. 1971ರ ಡಿಸೆಂಬರ್ 30ರಂದು ತೀರಿಕೊಂಡರು.

ಆದರೆ ಕೆಲಸ ನಿಲ್ಲಲಿಲ್ಲ. ನಾಸಾದ ಎಟಿಎಸ್-6 ಅನ್ನುವ ಉಪಗ್ರಹವನ್ನು ಭಾರತಕ್ಕೆ ಕಾಣುವ ಜಾಗಕ್ಕೆ ಸರಿಸಿ, ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟರು. 1975ರ ಆಗಸ್ಟ್ 1ರಂದು ಪ್ರಸಾರ ಶುರು. ಅದರ ಹೆಸರು ಸೈಟ್, ಅಂದರೆ ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಟಿ.ವಿ. ಪ್ರಯೋಗ. ಆಂಧ್ರ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ, ಈ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿ ಸೇರಿದ್ದವು. ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ಮೂರೇ ಜಿಲ್ಲೆ. ಬಿಜಾಪುರ, ಗುಲ್ಬರ್ಗಾ, ರಾಯಚೂರು. ನೆನಪಿರಲಿ, ಆಗ ಬಾಗಲಕೋಟೆ ಕೂಡ ಬಿಜಾಪುರದಲ್ಲೇ ಇತ್ತು. ಅದು ಬೇರೆಯಾಗಿದ್ದು 1997ರಲ್ಲಿ.

ಯಾಕೆ ಈ ಮೂರು ಜಿಲ್ಲೆ? ಉತ್ತರ ಸಿಹಿಯಾಗಿಲ್ಲ. ಹಿಂದುಳಿದವು ಅಂತ. 1972ರ ಬರ ಈ ಭಾಗದ ಮಂದಿಯ ಮೈಮೇಲೆ ಇನ್ನೂ ಗಾಯದ ಹಾಗೆ ಇತ್ತು. ಬರದ ನಾಡು ಅಂತ ಕರೆಸಿಕೊಂಡಿದ್ದಕ್ಕೇ ಟಿ.ವಿ. ಮೊದಲು ಬಂತು. ಬಡತನಕ್ಕೆ ಸಿಕ್ಕ ಒಂದೇ ಒಂದು ಮೊದಲ ಸ್ಥಾನ ಇದು ಅಂತ ಇಟ್ಟುಕೊಳ್ಳಿ.

ಹಳ್ಳಿಯ ಶಾಲೆಯ ಮಾಳಿಗೆ ಮೇಲೋ ಅಂಗಳದಲ್ಲೋ ಹತ್ತು ಅಡಿ ಅಗಲದ ತಂತಿ ಜಾಲರಿಯ ಛತ್ರಿ. ಕೋಳಿ ಗೂಡಿಗೆ ಹಾಕ್ತಾರಲ್ಲ, ಅಂಥದ್ದೇ ಜಾಲರಿ. ಅದರ ಕೆಳಗೆ ಒಂದು ಕಪ್ಪು ಬಿಳುಪು ಸೆಟ್ಟು. ದಿನಕ್ಕೆ ಸುಮಾರು ನಾಲ್ಕು ತಾಸು ಪ್ರಸಾರ. ಮುಂಜಾನೆ ಶಾಲೆ ಮಕ್ಕಳಿಗೆ, ಸಂಜೆ ಊರಿನ ದೊಡ್ಡವರಿಗೆ. ಬೆಳೆ, ಬೀಜ, ದನಕರು, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು, ನಾಟಕ. ತೆಲುಗು ಮತ್ತು ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ದನಿ ಕಳಿಸುವ ವ್ಯವಸ್ಥೆ ಆ ಉಪಗ್ರಹದಲ್ಲಿತ್ತು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎಲ್ಲಾ ಬಂಗಾರದಂತಿತ್ತು ಅಂತ ನಾನು ಹೇಳೋದಿಲ್ಲ. ಸೈಟ್ ಶುರುವಾಗುವ ಐದು ವಾರ ಮೊದಲಷ್ಟೇ ತುರ್ತು ಪರಿಸ್ಥಿತಿ ಬಂದಿತ್ತು. ಪೆಟ್ಟಿಗೆಯೊಳಗೆ ಕೇಳುತ್ತಿದ್ದದ್ದು ಸರ್ಕಾರದ ದನಿಯೇ. ಮೊದಮೊದಲು ಜಾತ್ರೆಯಂತೆ ನೆರೆದ ಮಂದಿ ಆಮೇಲಾಮೇಲೆ ಕರಗಿದರು. ಹೊಲದಲ್ಲಿ ದುಡಿದು ಬಂದವನಿಗೆ ಸಂಜೆ ಮತ್ತೆ ಪಾಠ ಕೇಳುವ ತಾಳ್ಮೆ ಎಷ್ಟಿರುತ್ತೆ ಹೇಳಿ? ಹೆಣ್ಣುಮಕ್ಕಳು ಬಂದದ್ದು ಕಡಿಮೆ. ಸಂಜೆ ಅಂದ್ರೆ ಒಲೆ ಹೊತ್ತಿಸುವ ಹೊತ್ತು. ಕೊನೆವರೆಗೂ ಮುಂದಿನ ಸಾಲಲ್ಲಿ ಕೂತವರು ಅಂದ್ರೆ ಮಕ್ಕಳೇ.

ಆದರೂ ಒಂದು ಮಾತಿದೆ. ಆ ಸೆಟ್ಟು ಇಟ್ಟದ್ದು ಗೌಡರ ಮನೆಯಲ್ಲಲ್ಲ. ಶಾಲೆಯಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ. ಯಾವ ಓಣಿಯವನೂ ಬಂದು ಕೂರಬಹುದಾದ ಜಾಗದಲ್ಲಿ ಇರಬೇಕು ಅನ್ನೋದೇ ಆ ಯೋಜನೆಯ ಉದ್ದೇಶ. ಟಿ.ವಿ. ಯಾರ ಸ್ವತ್ತೂ ಆಗಿರಲಿಲ್ಲ, ಊರ ಬಾವಿ ಇದ್ದ ಹಾಗೆ ಇರಲಿ ಅಂತ. ಊರ ಬಾವಿಯಲ್ಲೂ ಯಾರು ನೀರು ಸೇದಬಹುದು, ಯಾರು ಸೇದಬಾರದು ಅಂತ ನಮ್ಮ ಹಳ್ಳಿಗಳು ಗೆರೆ ಎಳೆದಿದ್ದವು ನಿಜ. ಆದರೆ ಈ ಹೊಸ ಬಾವಿಗೆ ಗೆರೆ ಎಳೆಯುವ ಅಧಿಕಾರ ಯಾರಿಗೂ ಕಾಗದದ ಮೇಲೆ ಇರಲಿಲ್ಲ.

1976ರ ಜುಲೈ 31. ಒಂದು ವರ್ಷ ಮುಗೀತು. ಅಮೆರಿಕ ತನ್ನ ಉಪಗ್ರಹವನ್ನು ವಾಪಸ್ ಸರಿಸಿಕೊಂಡಿತು. ಎರವಲು ತಂದದ್ದು, ಕೊಡಲೇಬೇಕಲ್ಲ! 1977ರಲ್ಲಿ ಗುಲ್ಬರ್ಗಾದಲ್ಲಿ ಒಂದು ಟ್ರಾನ್ಸ್‌ಮಿಟರ್ ಬಂತು, ಅದರ ಸುತ್ತಿನ ಹಳ್ಳಿಗಳಿಗೆ ಚಿತ್ರ ಮುಂದುವರೀತು. ಬೆಂಗಳೂರಿಗೆ ಅದು ಬರಲು ಇನ್ನೂ ನಾಲ್ಕು ವರ್ಷ ಬೇಕಾಯ್ತು.

ಇನ್ನು ಎರಡನೇ ಅಧ್ಯಾಯ. ನೀವೆಲ್ಲ ನೆನಪಿಸಿಕೊಂಡು ನಿಟ್ಟುಸಿರು ಬಿಡ್ತೀರಲ್ಲ, ಆ ರವಿವಾರಗಳ ಅಧ್ಯಾಯ.

1982ರಲ್ಲಿ ಬಣ್ಣ ಬಂತು, ದಿಲ್ಲಿಯಲ್ಲಿ ಏಷ್ಯನ್ ಗೇಮ್ಸ್ ಆಯ್ತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಮೇಲೆ ಹೋಯ್ತು. ಈಗ ಉಪಗ್ರಹ ನಮ್ಮದೇ. ಆಮೇಲೆ ದೇಶದ ತುಂಬ ಕಡಿಮೆ ಶಕ್ತಿಯ ಸಣ್ಣ ಟ್ರಾನ್ಸ್‌ಮಿಟರ್‌ಗಳನ್ನು ನೆಡುತ್ತಾ ಹೋದರು. ಅವುಗಳ ಕೈಗೆ ಎಟುಕುತ್ತಿದ್ದದ್ದು ಊರ ಸುತ್ತ ಹತ್ತಿಪ್ಪತ್ತು ಕಿಲೋಮೀಟರ್. ಅದರಾಚೆ ಇರುವವರು ಏನು ಮಾಡಬೇಕು? ಕೊಳವೆ ಎತ್ತರಿಸಬೇಕು. ಮಾಳಿಗೆ ಮೇಲೆ ಇಪ್ಪತ್ತು, ಮೂವತ್ತು ಅಡಿ ಪೈಪು, ಅದರ ತುದಿಗೆ ಅಲ್ಯೂಮಿನಿಯಂ ಆಂಟೆನಾ, ನಾಲ್ಕು ಕಡೆ ಬಿಗಿದ ತಂತಿ, ಕೆಳಗೆ ಬೂಸ್ಟರ್. ಗಾಳಿ ಬಂದರೆ ರಾಮನೂ ಅಲುಗಾಡ್ತಿದ್ದ, ರಾವಣನೂ ಅಲುಗಾಡ್ತಿದ್ದ. ಒಬ್ಬ ಮೇಲೆ ಹತ್ತಿ ತಿರುಗಿಸೋದು, ಒಬ್ಬ ಅಂಗಳದಲ್ಲಿ ನಿಂತು ಮಾತು ದಾಟಿಸೋದು, ಒಳಗಿನಿಂದ ಹತ್ತು ದನಿ ಒಟ್ಟಿಗೆ, “ಬಂತು, ಬಂತು... ಹೋತು ನೋಡ್ರಿ!”

1987ರ ಜನವರಿ 25, ರವಿವಾರ. ರಮಾನಂದ ಸಾಗರ್ ಅವರ ರಾಮಾಯಣ ಶುರುವಾಯ್ತು. 1988ರ ಜುಲೈ 31ರವರೆಗೆ 78 ಕಂತು. ಅದು ಮುಗಿದ ಎರಡು ತಿಂಗಳಿಗೆ, ಅಕ್ಟೋಬರ್ 2ರಂದು ಬಿ.ಆರ್. ಚೋಪ್ರಾ ಅವರ ಮಹಾಭಾರತ. 1990ರ ಜೂನ್ 24ರವರೆಗೆ 94 ಕಂತು. ಮೂರೂವರೆ ವರ್ಷ ಈ ದೇಶದ ರವಿವಾರದ ಮುಂಜಾನೆಯನ್ನು ಇವೆರಡೇ ಆಳಿದವು ಅಂದರೂ ನಡೆಯುತ್ತೆ. ನಮ್ಮ ಕಡೆ ಒಂಬತ್ತು ಗಂಟೆಯೊಳಗೆ ರೊಟ್ಟಿ ಬಡಿಯೋ ಸಪ್ಪಳ ನಿಲ್ತಿತ್ತು. ಎಮ್ಮೆ ಹಿಂಡೋದು, ಸಗಣಿ ಬಳಿಯೋದು, ನೀರು ತರೋದು, ಎಲ್ಲಾ ಮುಗೀಬೇಕು. ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ಅಷ್ಟೂ ಕೆಲಸ ಮುಗಿಸುತ್ತಿದ್ದರು. ರವಿವಾರ ರಜೆ ಅಂದ್ರೆ ಗಂಡಸರಿಗೆ ಮತ್ತು ಮಕ್ಕಳಿಗೆ. ಅವ್ವಂದಿರಿಗೆ ಅದು ಒಂದು ತಾಸಿನ ರಜೆ. ಆ ಒಂದು ತಾಸು ಕೂತು ಉಂಡಷ್ಟು ಸುಖ ಅವರಿಗೆ.

ಮಧ್ಯಾಹ್ನಕ್ಕೆ ಶ್ರವಣದೋಷ ಇರುವವರಿಗಾಗಿ ವಾರಕ್ಕೊಮ್ಮೆಯ ಸುದ್ದಿ, ಆಮೇಲೆ ಯಾವುದೋ ಒಂದು ಭಾಷೆಯ ಪ್ರಶಸ್ತಿ ಸಿನಿಮಾ. ಸಂಜೆ ಹಿಂದಿ ಸಿನಿಮಾ. ಬೆಂಗಳೂರಿನ ಪ್ರಸಾರ ಸಿಗುವವರಿಗೆ ಕನ್ನಡ ಸಿನಿಮಾ, ಚಿತ್ರಮಂಜರಿ. ಮುಂದೆ ಬಂದ ಸುರಭಿ ಅನ್ನುವ ಕಾರ್ಯಕ್ರಮದ ಪ್ರಶ್ನೆಗೆ ಉತ್ತರ ಬರೆದು ಕಳಿಸಲು ಹದಿನೈದು ಪೈಸೆಯ ಕಾರ್ಡು. ಇದಿಷ್ಟೂ ನಿಮಗೂ ನೆನಪಿದೆ, ನನಗೂ ನೆನಪಿದೆ.

ಆದರೆ ನೆನಪು ಬಹಳ ಚಾಲಾಕಿ. ಸಿಹಿ ಇಟ್ಟುಕೊಳ್ಳುತ್ತೆ, ಕಹಿ ಬಿಟ್ಟುಬಿಡುತ್ತೆ. “ಆಗ ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಿ” ಅಂತ ಹೇಳ್ತೀವಲ್ಲ, ಆ ‘ಎಲ್ಲರೂ’ ಅಂದ್ರೆ ಯಾರು? ಅದನ್ನೊಮ್ಮೆ ಬಿಡಿಸಿ ನೋಡೋಣ.

ಈಗ ಟಿ.ವಿ. ಶಾಲೆಯಲ್ಲಿರಲಿಲ್ಲ. ಉಳ್ಳವರ ಪಡಸಾಲೆಯಲ್ಲಿತ್ತು. ಮರದ ಪೆಟ್ಟಿಗೆ, ಅದಕ್ಕೆ ಜರುಗಿಸುವ ಬಾಗಿಲು, ಮೇಲೊಂದು ಕಸೂತಿ ಬಟ್ಟೆ. ಮನೆಯ ಯಜಮಾನರು ಕುರ್ಚಿ ಮೇಲೆ. ಬೀಗರು, ನೆಂಟರು ಜಮಖಾನೆ ಮೇಲೆ. ಓಣಿಯ ಮಕ್ಕಳು ನೆಲದ ಮೇಲೆ. ಹೊಲಕ್ಕೆ ಬರುವ ಆಳುಗಳು ಹೊಸ್ತಿಲ ಹೊರಗೆ. ಇನ್ನೂ ಕೆಲವು ಮಕ್ಕಳು ಕಿಟಕಿಯ ಸರಳು ಹಿಡಿದು, ಒಂಟಿ ಕಾಲಲ್ಲಿ. ಯಾರೂ ಯಾರಿಗೂ ಇಲ್ಲಿ ಕೂರು, ಅಲ್ಲಿ ನಿಲ್ಲು ಅಂತ ಹೇಳ್ತಿರಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ಊರು ನೂರಾರು ವರ್ಷದಿಂದ ಕಲಿಸಿದ ಪಾಠ ಅದು. ನನ್ನ ಸಂಗಡ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದ ಗೆಳೆಯ ರವಿವಾರ ಕಿಟಕಿಯ ಆಚೆ ಇರುತ್ತಿದ್ದ. ಸೋಮವಾರ ಶಾಲೆಯಲ್ಲಿ ಇಬ್ಬರೂ ಅದೇ ಬಾಣ ಬಿಡುವ ಆಟ ಆಡ್ತಿದ್ವಿ. ಬಸವಣ್ಣ ಹುಟ್ಟಿದ ತಾಲ್ಲೂಕಿನ ಮಾತು ಇದು.

ಹೊಸ್ತಿಲ ಆಚೆ ಇದ್ದವರು ಸುಮ್ಮನೇ ನೋಡಿ ಹೋದರು ಅಂತ ತಿಳೀಬೇಡಿ. 1988ರಲ್ಲಿ ರಾಮಾಯಣ ರಾಮನ ಪಟ್ಟಾಭಿಷೇಕಕ್ಕೆ ಮುಗಿದಾಗ ಪಂಜಾಬಿನ ಪೌರಕಾರ್ಮಿಕರು ಕಸಬರಿಗೆ ಕೆಳಗಿಟ್ಟು ಮುಷ್ಕರ ಹೂಡಿದರು. ವಾಲ್ಮೀಕಿಯನ್ನು ತಮ್ಮ ಕುಲಗುರು ಅಂತ ನಂಬಿದ ಸಮುದಾಯ ಅದು. ವಾಲ್ಮೀಕಿ ಆಶ್ರಮದ ಕಥೆ, ಲವಕುಶರ ಕಥೆ ಬರದೆ ರಾಮಾಯಣ ಹೇಗೆ ಮುಗಿಯುತ್ತೆ ಅನ್ನೋದು ಅವರ ಪ್ರಶ್ನೆ. ಊರೂರಲ್ಲಿ ಕಸ ಬಿದ್ದಿತು. ಆಮೇಲೆ ಉತ್ತರ ರಾಮಾಯಣ ಪ್ರಸಾರವಾಯ್ತು. ಕಿಟಕಿಯ ಆಚೆ ನಿಂತವರೂ ಕಥೆಯ ಹಕ್ಕುದಾರರು ಅಂತ ಆ ಮುಷ್ಕರ ಹೇಳಿತ್ತು.

ಇನ್ನು ಭಾಷೆಯ ಮಾತು. 1975ರಲ್ಲಿ ಬಿಜಾಪುರದ ಹಳ್ಳಿಗೆ ಬಂದ ಟಿ.ವಿ. ಕನ್ನಡ ಮಾತಾಡ್ತು. ಹನ್ನೆರಡು ವರ್ಷ ಕಳೆದು, ಉಪಗ್ರಹ ನಮ್ಮದೇ ಆದ ಮೇಲೆ, ಅದೇ ಜಿಲ್ಲೆಯ ಪಡಸಾಲೆಗೆ ಬಂದ ಟಿ.ವಿ. ಹಿಂದಿ ಮಾತಾಡ್ತು. ಸಣ್ಣ ಟ್ರಾನ್ಸ್‌ಮಿಟರ್‌ಗಳು ದಿಲ್ಲಿಯಿಂದ ಬಂದದ್ದನ್ನು ಹಾಗೇ ದಾಟಿಸ್ತಿದ್ದವು. ಒಂದು ಚಿತ್ರಕ್ಕೆ ಎರಡು ದನಿ ಕಳಿಸುವ ಜಾಣ್ಮೆ ಆ ಎರವಲು ಉಪಗ್ರಹಕ್ಕೆ ಇತ್ತು ಅಂದೆನಲ್ಲ, ಸ್ವಂತದ್ದು ಬಂದ ಮೇಲೆ ನಮ್ಮ ಪಾಲಿಗೆ ಅದು ಇಲ್ಲವಾಯ್ತು. ಶಂಕರ್‌ನಾಗ್ ನಿರ್ದೇಶಿಸಿದ ಮಾಲ್ಗುಡಿ ಡೇಸ್ ನೋಡಿ. ನಿರ್ದೇಶಕ ನಮ್ಮವನು, ಸ್ವಾಮಿ ಪಾತ್ರದ ಮಾಸ್ಟರ್ ಮಂಜುನಾಥ್ ನಮ್ಮ ಹುಡುಗ, ಊರು ನಮ್ಮ ಆಗುಂಬೆ. ಆದರೆ ಆಗುಂಬೆಯ ಬೀದಿಯಲ್ಲಿ ಸ್ವಾಮಿ ಮಾತಾಡಿದ್ದು ಹಿಂದಿ!

ಹಾಗಾದ್ರೆ ನಮ್ಮ ಹಳ್ಳಿಗರಿಗೆ ರಾಮಾಯಣ ಅರ್ಥವಾಗಿದ್ದು ಹೇಗೆ? ಕಥೆ ಗೊತ್ತಿತ್ತು, ಅದು ಒಂದು. ಶ್ರಾವಣದಲ್ಲಿ ಮಠದ ಪುರಾಣ ಕೇಳಿ, ರಾತ್ರಿಯಿಡೀ ದೊಡ್ಡಾಟ ನೋಡಿ ಬೆಳೆದ ಮಂದಿ. ಕಂದಗಲ್ಲ ಹನಮಂತರಾಯರು ಇದೇ ಜಿಲ್ಲೆಯವರು, ಅವರ ರಕ್ತರಾತ್ರಿ ನಾಟಕವನ್ನು ಹಳ್ಳಿಯ ಹುಡುಗರೇ ಬಣ್ಣ ಹಚ್ಚಿ ಆಡುತ್ತಿದ್ದರು. ಅಂಥವರಿಗೆ ಚೋಪ್ರಾ ಬಂದು ಮಹಾಭಾರತ ಕಲಿಸಬೇಕಾಗಿರಲಿಲ್ಲ. ಎರಡನೆಯದು, ನಮ್ಮ ಓಣಿಯ ದುಭಾಷಿ. ಟಾಂಗಾ ಹೊಡೆಯುತ್ತಿದ್ದ ಸಾಬರ ಅಜ್ಜ ಒಬ್ಬರಿದ್ದರು. ಚಾಚಾ ಅಂತಲೇ ನಾವು ಕರೆಯೋದು. ಮನೆಯಲ್ಲಿ ದಖನಿ ಮಾತಾಡೋರು, ಹಿಂದಿ ಅವರಿಗೆ ಸಲೀಸು. ಅವರು ಬರುವತನಕ ಮುಂದಿನ ಜಾಗ ಖಾಲಿ. ಪರದೆ ಮೇಲೆ ಮಾತು ಶುರುವಾದ ಕೂಡಲೇ ನಮ್ಮ ಅಮ್ಮಗಳದ್ದು ಒಂದೇ ಪ್ರಶ್ನೆ, “ಏನಂದಾ ಚಾಚಾ ಈಗ?” ಚಾಚಾ ಹೇಳೋರು, “ಅಪ್ಪನ ಮಾತು ನಾ ಮೀರಾಂಗಿಲ್ಲವ್ವಾ ಅಂದಾ.” ಕಣ್ಣೀರು ಆಗ ಬರೋದು. ಹಿಂದಿಯಲ್ಲಿ ಕೇಳಿದಾಗ ಅಲ್ಲ, ಚಾಚಾ ಕನ್ನಡದಲ್ಲಿ ಹೇಳಿದಾಗ.

ದಿಲ್ಲಿಯ ಮಹಾಭಾರತಕ್ಕೆ ಸಂಭಾಷಣೆ ಬರೆದದ್ದು ರಾಹಿ ಮಾಸೂಮ್ ರಜಾ. ನಮ್ಮ ಓಣಿಯ ಮಹಾಭಾರತಕ್ಕೆ ಕನ್ನಡ ಕೊಟ್ಟದ್ದು ಆ ಚಾಚಾ. ಈ ಎರಡು ಸಂಗತಿಯನ್ನು ಜೋಡಿಸಿ ನಾನು ಭಾಷಣ ಮಾಡೋದಿಲ್ಲ. ನೀವೇ ಯೋಚನೆ ಮಾಡಿ. ಇವತ್ತು ಅಂಥ ಪಡಸಾಲೆಯಲ್ಲಿ ಅಂಥ ಒಬ್ಬ ಅಜ್ಜನಿಗಾಗಿ ಮುಂದಿನ ಜಾಗ ಖಾಲಿ ಬಿಡ್ತೀವಾ? ಇದಷ್ಟೇ ನನ್ನ ಪ್ರಶ್ನೆ.

ಮೂರನೇ ಅಧ್ಯಾಯ ಬಹಳ ಬೇಗ ಮುಗಿಯುತ್ತೆ. 1992ರಲ್ಲಿ ಜೀ, 1994ರಲ್ಲಿ ಕನ್ನಡದ ಉದಯ. ಕೇಬಲ್ ಬಂತು, ಮಾಳಿಗೆ ಮೇಲಿನ ಪೈಪು ಇಳೀತು, ಅದು ಹಂದರಕ್ಕೆ ಕಂಬ ಆಯ್ತು. ಪ್ರತಿ ಮನೆಗೂ ಸೆಟ್ಟು. ಕಿಟಕಿಯ ಆಚೆ ನಿಂತಿದ್ದ ನನ್ನ ಗೆಳೆಯನ ಮನೆಗೂ ಟಿ.ವಿ. ಬಂತು. ಅವನು ಬೇರೆಯವರ ಸರಳು ಹಿಡಿಯೋದು ತಪ್ಪಿತು. ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ? ಆ ಹಳೇ ರವಿವಾರ ಹೋಯ್ತಲ್ಲ ಅಂತ ನಾವು ಅಳುವಾಗ, ಅವನ ಪಾಲಿಗೆ ಅದು ಹೋದದ್ದೇ ಬಿಡುಗಡೆ ಅಂತ ತಿಳಿದಿರಬೇಕು.

ಆದರೆ ಜೊತೆಗೇ ಇನ್ನೊಂದೂ ಆಯ್ತು. ಓಣಿಗೆ ಒಂದಿದ್ದ ಟಿ.ವಿ. ಮನೆಗೊಂದಾಯ್ತು. ಮನೆಗೆ ಒಂದಿದ್ದದ್ದು ಕೋಣೆಗೊಂದು, ಈಗ ಅಂಗೈಗೊಂದು. ಇಂಡಿಯ ಬಸ್ ನಿಲ್ದಾಣದಲ್ಲಿ ಅಪ್ಪ, ಅವ್ವ, ಮಗ ಮೂವರೂ ಒಂದೇ ಬೆಂಚಿನ ಮೇಲೆ ಕೂತು ಮೂರು ಬೇರೆ ಬೇರೆ ಪರದೆ ನೋಡ್ತಾರೆ. ಹೊಸ್ತಿಲು ಹೋಯ್ತು, ಸರಿ. ಪಡಸಾಲೆಯೂ ಹೋಯ್ತು. ಒಂದನ್ನು ಉರುಳಿಸುವಾಗ ಇನ್ನೊಂದನ್ನೂ ಉರುಳಿಸಲೇಬೇಕಿತ್ತಾ?

2020ರ ಮಾರ್ಚ್ 28ರಂದು, ಲಾಕ್‌ಡೌನ್ ಹೊತ್ತಿನಲ್ಲಿ, ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಮಂದಿ ನೋಡಿದರು ಅಂತ ದೂರದರ್ಶನವೇ ಹೇಳಿಕೊಂಡಿತು. ಆ ಲೆಕ್ಕದ ಬಗ್ಗೆ ತಕರಾರೂ ಬಂತು, ಅದಿರಲಿ. ಅದೇ ವರ್ಷ 2013ರ ಹಿಂದಿ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂತು. ಪಾಂಡವರು ಕಿರುತೆರೆಯಲ್ಲಿ ಕನ್ನಡ ಮಾತಾಡಿದಾಗ, ಹಳ್ಳಿಯ ಮುದುಕಿಯರು ಮೊದಲ ಸಲ ಯಾರನ್ನೂ ಕೇಳದೆ ನೋಡಿದರು. ಅಷ್ಟು ಹೊತ್ತಿಗೆ ಚಾಚಾ ಇರಲಿಲ್ಲ. 2022ರ ಹೊತ್ತಿಗೆ ಊರೂರಿನ ಆ ಹಳೆಯ ಟ್ರಾನ್ಸ್‌ಮಿಟರ್‌ಗಳನ್ನೂ ಬಹುಪಾಲು ಮುಚ್ಚಿದರು.

ನಾನು ದಿನಾ ರಾತ್ರಿ ನಿಮ್ಮ ಮನೆಗೆ ಬರುವವನು. ನನ್ನ ಕಸುಬಿನ ಬಗ್ಗೆ ಜನ ಏನು ಮಾತಾಡ್ತಾರೆ ಅನ್ನೋದು ನನಗೆ ಗೊತ್ತು. “ಮಕ್ಕಳ ಮುಂದೆ ನ್ಯೂಸ್ ಹಾಕೋಕೆ ಆಗಲ್ಲ ಸಾರ್” ಅಂತ ಮುದ್ದೇಬಿಹಾಳದಲ್ಲಿ ಒಬ್ಬ ಯಜಮಾನರು ನನಗೇ ಹೇಳಿದರು. ಕೇಳಿ ನಕ್ಕು ಬಿಡಬಹುದಾದ ಮಾತಲ್ಲ ಅದು. ಟಿ.ವಿ. ಈ ಜಿಲ್ಲೆಗೆ ಬಂದದ್ದೇ ಮಕ್ಕಳ ಮುಂದೆ, ಮಕ್ಕಳಿಗಾಗಿ. ಈ ಪೆಟ್ಟಿಗೆ ಯಾತಕ್ಕಿದೆ ಅಂತ 1975ರಲ್ಲಿ ಒಂದು ಉತ್ತರ ಇತ್ತು. ಆ ಉತ್ತರದಲ್ಲಿ ಸರ್ಕಾರದ ಜಂಬವೂ ಇತ್ತು, ಬೇಸರ ಬರಿಸುವ ಉಪದೇಶವೂ ಇತ್ತು. ಆದರೂ ಪ್ರಶ್ನೆ ಕೇಳಿಕೊಂಡವರು ಇದ್ದರು. ಕೊನೆಯ ಓಣಿಯ ಕೊನೆಯ ಮನೆಯವನಿಗೆ ಇದರಿಂದ ಏನು ಸಿಗುತ್ತೆ ಅಂತ ಕೇಳಿಕೊಂಡೇ ಅವರು ಸೆಟ್ಟು ಇಟ್ಟದ್ದು.

ಹಾಗಾಗಿ ಹಳೇ ರವಿವಾರ ಮತ್ತೆ ಬರಲಿ ಅಂತ ನಾನು ಕೇಳೋದಿಲ್ಲ. ಒಂದು ಸಣ್ಣ ಕೆಲಸ ಹೇಳ್ತೀನಿ. 1975ರಲ್ಲಿ ಎಂಟು, ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಈಗ ಅರವತ್ತರ ಆಸುಪಾಸು. ಅವತ್ತು ಯುವಕರಾಗಿದ್ದ ಮಾಸ್ತರರು ಎಂಬತ್ತರ ಕಡೆ ನಡೀತಿದ್ದಾರೆ. ಕರ್ನಾಟಕದ ಮೊದಲ ಟಿ.ವಿ. ವೀಕ್ಷಕರು ಇವರು. ನಿಮ್ಮ ಮನೆಯಲ್ಲಿ ಮೊಬೈಲ್ ಇದೆ, ಅದರಲ್ಲಿ ದನಿ ಹಿಡಿಯುವ ಗುಂಡಿ ಇದೆ. ಇಂಡಿಯ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಮನೆ ಮನೆಗೆ ಹೋಗಿ ಗರತಿಯರ ಬಾಯಿಂದ ಹಾಡು ಬರೆದುಕೊಂಡರಲ್ಲ, ಆಗ ಅವರ ಕೈಯಲ್ಲಿ ಏನಿತ್ತು? ಕಿವಿ ಮತ್ತು ಕಾಗದ. ಅಷ್ಟರಿಂದಲೇ ಒಂದು ಲೋಕ ಉಳೀತು.

ಈ ರವಿವಾರ ಒಂದು ತಾಸು ಬಿಡುವು ಮಾಡಿಕೊಳ್ಳಿ. ಬೇಕಾದರೆ ನನ್ನ ಕಾರ್ಯಕ್ರಮವನ್ನೂ ಬಂದ್ ಮಾಡಿ, ಬೇಜಾರಿಲ್ಲ. ಮನೆಯ ಹಿರಿಯರ ಪಕ್ಕ ಕೂತು ಕೇಳಿ. ಯಜ್ಜಾ, ನೀ ಮೊದಲ ಸಲ ಟಿ.ವಿ. ಎಲ್ಲಿ ನೋಡಿದಿ? ಯಾರ ಮನ್ಯಾಗ? ಒಳಗ ಕುಂತಿದ್ಯೋ, ಹೊರಗ ನಿಂತಿದ್ಯೋ? ಅವರು ಹೇಳುವ ಉತ್ತರ ನಿಮ್ಮ ಊರಿನ ಚರಿತ್ರೆ. ಬೆಂಗಳೂರಿನಲ್ಲಿ ಕೂತು ಯಾರೂ ಅದನ್ನು ಬರೆದುಕೊಡೋದಿಲ್ಲ.